ಮದುಮಗಳ ಬಿಳಿ ಗ್ಲೌಸ್: ತೊಡುವುದು ಯಾವಾಗ, ಕಳಚುವುದು ಯಾವಾಗ?

ಈಸ್ಟರ್ ಹಬ್ಬ ಮುಗಿದು ಮದುವೆಯ ಸೀಸನ್ ಆರಂಭವಾಯಿತೆಂದರೆ ಕರಾವಳಿಯ ಪೇಟೆಗಳ ಬ್ರೈಡಲ್ ಅಂಗಡಿಗಳಲ್ಲಿ ಬಿಳಿ ಗೌನು, ವೇಲ್, ಕಿರೀಟ, ಹೂಗುಚ್ಛಗಳ ಜೊತೆಗೆ ಇನ್ನೊಂದು ಸಣ್ಣ ಪೊಟ್ಟಣವೂ ಕಾಣಿಸುತ್ತದೆ. ಅದು ಗ್ಲೌಸ್. ನಿಘಂಟಿನಲ್ಲಿ ಕೈಗವಸು ಎಂಬ ಚಂದದ ಹೆಸರಿದ್ದರೂ ನಮ್ಮ ಪೇಟೆಯಲ್ಲಿ ಅದು ಗ್ಲೌಸೇ. ಗೌನಿನ ಜೊತೆ 'ಸೆಟ್' ಆಗಿ ಬರುವುದರಿಂದ ಬಹಳ ಮಂದಿ ಅದರ ಬಗ್ಗೆ ಯೋಚಿಸುವುದಿಲ್ಲ. ಯೋಚನೆ ಬರುವುದು ಪೀಠದ ಮುಂದೆ, ಮದುಮಗ ಉಂಗುರ ಹಿಡಿದು ನಿಂತಾಗ! ಆಗ ಬಿಗಿಯಾದ ಗ್ಲೌಸನ್ನು ಎಳೆದು ತೆಗೆಯಲು ಮದುಮಗಳು ಪಡುವ ಪಾಡನ್ನು, ಧರ್ಮಗುರುಗಳು ತಾಳ್ಮೆಯಿಂದ ಕಾಯುವುದನ್ನು, ವಿಡಿಯೋದವರು ಅದನ್ನೂ ಬಿಡದೆ ಸೆರೆಹಿಡಿಯುವುದನ್ನು ನೋಡಿದವರಿಗೆ ಈ ಲೇಖನದ ಅಗತ್ಯ ಅರ್ಥವಾಗಬಹುದು.

ಗ್ಲೌಸನ್ನು ಚಳಿಗೆ, ಕೆಲಸಕ್ಕೆ, ಆಸ್ಪತ್ರೆಗೆ ಬಳಸುವುದು ಒಂದು ಬಗೆ. ಸಮಾರಂಭಕ್ಕೆಂದು ತೊಡುವುದು ಬೇರೆಯೇ ಬಗೆ. ಈ ಎರಡನೆಯ ಬಗೆಗೆ ಯುರೋಪಿನಲ್ಲಿ ನೂರಾರು ವರ್ಷಗಳ ಇತಿಹಾಸವಿದೆ, ಅದರದೇ ಆದ ಶಿಸ್ತೂ ಇದೆ. ಆ ಶಿಸ್ತನ್ನು ಸ್ವಲ್ಪ ಗಮನಿಸಿದರೆ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಗ್ಲೌಸ್ ಹೇಗೆ ತೊಡಬೇಕು ಎನ್ನುವುದಕ್ಕಿಂತ ಯಾವಾಗ ಕಳಚಬೇಕು ಎನ್ನುವುದರ ಮೇಲೆಯೇ ಅದರ ಹೆಚ್ಚಿನ ನಿಯಮಗಳು ನಿಂತಿವೆ. ನಮ್ಮಲ್ಲಿ ಗ್ಲೌಸ್ ಬಂತು, ಆ ನಿಯಮಗಳು ಜೊತೆಗೆ ಬರಲಿಲ್ಲ.

ಅಧಿಕಾರದ ಗುರುತು

ಕೈಗವಸು ಬಹಳ ಹಳೆಯ ವಸ್ತು. ಈಜಿಪ್ಟಿನ ಅರಸ ಟುಟಾಂಖಾಮುನನ ಸಮಾಧಿಯನ್ನು 1922ರಲ್ಲಿ ತೆರೆದಾಗ ಅದರಲ್ಲಿ ನಾರುಬಟ್ಟೆಯ ಕೈಗವಸುಗಳು ಸಿಕ್ಕಿದವು. ಅಂದರೆ ಮೂರು ಸಾವಿರ ವರ್ಷಗಳಿಗೂ ಹಿಂದೆ ಅರಸರ ಕೈಗೆ ಅಲಂಕಾರವಿತ್ತು.

ಮಧ್ಯಯುಗದ ಯುರೋಪಿನಲ್ಲಿ ಕೈಗವಸು ಎಂದರೆ ಅದನ್ನು ತೊಟ್ಟ ವ್ಯಕ್ತಿಯ ಕೈ ಎಂದೇ ಅರ್ಥ. ಅರಸ ತಾನು ಬರಲಾಗದ ಕಡೆಗೆ ತನ್ನ ಕೈಗವಸನ್ನು ಕಳುಹಿಸಿದರೆ ಅವನ ಅನುಮತಿ ಅಲ್ಲಿಗೆ ತಲಪಿದ ಹಾಗೆ. ಇಂಗ್ಲೆಂಡಿನ ಹೊನಿಟನ್, ಎಕ್ಸೆಟರ್‌ನಂಥ ಊರುಗಳಲ್ಲಿ ಸಂತೆಯ ಆರಂಭಕ್ಕೆ ಕೋಲಿನ ತುದಿಗೆ ದೊಡ್ಡ ಕೈಗವಸೊಂದನ್ನು ಕಟ್ಟಿ ಎತ್ತಿ ಹಿಡಿಯುವ ಪದ್ಧತಿ ಬೆಳೆದದ್ದು ಹೀಗೆ. ನೆಲಕ್ಕೆ ಕೈಗವಸು ಎಸೆದರೆ ಕಾಳಗಕ್ಕೆ ಕರೆ. ಎದುರಾಳಿ ಅದನ್ನು ಎತ್ತಿಕೊಂಡರೆ ಕರೆಯನ್ನು ಒಪ್ಪಿಕೊಂಡ ಎಂದು ಲೆಕ್ಕ. ಇಂಗ್ಲೆಂಡಿನ ಅರಸನ ಪಟ್ಟಾಭಿಷೇಕದ ಔತಣದಲ್ಲಿ ಕುದುರೆಯೇರಿ ಬಂದ ವೀರನೊಬ್ಬ ಹೀಗೆ ಕೈಗವಸು ಎಸೆದು ಸವಾಲು ಹಾಕುವ ಪದ್ಧತಿ 1821ರಲ್ಲಿ ನಾಲ್ಕನೆಯ ಜಾರ್ಜ್ ಅರಸನ ಕಾಲಕ್ಕೆ ಕೊನೆಗೊಂಡಿತು. ಆದರೆ ಪಟ್ಟಾಭಿಷೇಕದಲ್ಲಿ ರಾಜದಂಡ ಹಿಡಿಯುವ ಬಲಗೈಗೆ ಒಂದೇ ಒಂದು ಕೈಗವಸು ತೊಡುವ ಕ್ರಮ ಇವತ್ತಿಗೂ ಇದೆ. 2023ರ ಮೇ 6ರಂದು ಮೂರನೆಯ ಚಾರ್ಲ್ಸ್ ತೊಟ್ಟದ್ದು ಹೊಸತಲ್ಲ. ಅವರ ತಾತ ಆರನೆಯ ಜಾರ್ಜ್ ಅವರಿಗಾಗಿ 1937ರಲ್ಲಿ ಮಾಡಿಸಿದ್ದನ್ನೇ ಅವರು ತೊಟ್ಟರು.

ಇನ್ನೊಂದು ಪದ್ಧತಿ ಮನಮುಟ್ಟುವಂಥದು. ಹಿಂದೆ ಇಂಗ್ಲೆಂಡಿನಲ್ಲಿ ನ್ಯಾಯಾಧೀಶರು ಊರೂರಿಗೆ ಹೋಗಿ ದೊಡ್ಡ ಅಪರಾಧಗಳ ವಿಚಾರಣೆ ನಡೆಸುತ್ತಿದ್ದರು. ಯಾವುದಾದರೂ ಊರಿನಲ್ಲಿ ವಿಚಾರಣೆಗೆ ಒಬ್ಬನೇ ಒಬ್ಬ ಕೈದಿಯೂ ಇಲ್ಲವಾದರೆ ಅವರಿಗೆ ಒಂದು ಜೊತೆ ಬಿಳಿ ಕೈಗವಸನ್ನು ಉಡುಗೊರೆಯಾಗಿ ಕೊಡುತ್ತಿದ್ದರು. ಬಿಳಿ ಗ್ಲೌಸ್ ಎಂದರೆ ಕಲೆ ಇಲ್ಲದ ಕೈ. ಮದುಮಗಳ ಬಿಳಿ ಗ್ಲೌಸಿನ ಹಿಂದೆಯೂ ಇದೇ ಭಾವನೆ ಇದೆ ಎನ್ನಬಹುದು.

ಧರ್ಮಾಧ್ಯಕ್ಷರ ಕೈಗವಸು

ನಮ್ಮಲ್ಲಿ ಹಿರಿಯರಾದ ಕೆಲವರಿಗೆ ಮಾತ್ರ ಇದು ನೆನಪಿರಬಹುದು. ಎರಡನೆಯ ವ್ಯಾಟಿಕನ್ ಮಹಾಸಭೆಗೆ ಮುಂಚೆ ಧರ್ಮಾಧ್ಯಕ್ಷರು ಆಡಂಬರದ ಬಲಿಪೂಜೆಯಲ್ಲಿ ರೇಷ್ಮೆಯ ಕೈಗವಸು ತೊಡುತ್ತಿದ್ದರು. ಪೂಜಾವಸ್ತ್ರದ ಬಣ್ಣಕ್ಕೆ ತಕ್ಕಂತೆ ಬಿಳಿ, ಕೆಂಪು, ಹಸಿರು ಅಥವಾ ನೇರಳೆ. ಹಿಂಗೈ ಮೇಲೆ ಶಿಲುಬೆ ಅಥವಾ ಬೇರೆ ಕಸೂತಿ. ಮೃತರ ಪೂಜೆಯಲ್ಲಿ ಮತ್ತು ಶುಭ ಶುಕ್ರವಾರ ಅದಿಲ್ಲ. ಇಂಗ್ಲೆಂಡಿನ ಆಕ್ಸ್‌ಫರ್ಡಿನ ನ್ಯೂ ಕಾಲೇಜಿನಲ್ಲಿ ಅದರ ಸಂಸ್ಥಾಪಕ, 1404ರಲ್ಲಿ ನಿಧನರಾದ ಧರ್ಮಾಧ್ಯಕ್ಷ ವಿಲಿಯಂ ಆಫ್ ವೈಕಂ ಅವರ ಕೆಂಪು ರೇಷ್ಮೆಯ ಕೈಗವಸುಗಳನ್ನು ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ.

ಹೊಸ ಧರ್ಮಾಧ್ಯಕ್ಷರ ಅಭಿಷೇಕದಲ್ಲಿ ಈ ಕೈಗವಸು ತೊಡಿಸುವಾಗ ಹೇಳುತ್ತಿದ್ದ ಪ್ರಾರ್ಥನೆಯಲ್ಲಿ ಯಕೋಬನ ಹೆಸರು ಬರುತ್ತದೆ. ಆದಿಕಾಂಡದ 27ನೆಯ ಅಧ್ಯಾಯದ ಕಥೆ ಎಲ್ಲರಿಗೂ ಗೊತ್ತು. ತಾಯಿ ರೆಬೆಕ್ಕಳು ಆಡಿನ ಮರಿಗಳ ತೊಗಲನ್ನು ಯಕೋಬನ ಕೈಗಳಿಗೆ ಸುತ್ತುತ್ತಾಳೆ. ಕಣ್ಣು ಮಂಜಾದ ತಂದೆ ಇಸಾಕನು ಆ ಕೈಗಳನ್ನು ಮುಟ್ಟಿನೋಡಿ, ಹಿರಿಯ ಮಗನೆಂದೇ ತಿಳಿದು ಆಶೀರ್ವದಿಸುತ್ತಾನೆ. ಆ ಪ್ರಾರ್ಥನೆಯಲ್ಲಿ ಯಕೋಬನ ಮೋಸದ ಮಾತಿಲ್ಲ. ಕೈಗಳನ್ನು ಮುಚ್ಚಿಕೊಂಡು ಅವನು ಆಶೀರ್ವಾದ ಪಡೆದಂತೆ ಈ ಕೈಗಳೂ ಅರ್ಪಿಸುವ ಬಲಿಯ ಮೂಲಕ ಕೃಪೆ ಪಡೆಯಲಿ ಎಂಬುದು ಅದರ ಸಾರ. ಮುಂದೆ ಯುರೋಪಿನ ಸಿರಿವಂತರ ಅಚ್ಚುಮೆಚ್ಚಿನ ಕೈಗವಸು ತಯಾರಾದದ್ದೂ ಆಡಿನ ಮರಿಯ ತೊಗಲಿನಿಂದಲೇ ಎಂಬುದು ಕಾಕತಾಳೀಯ.

ಧರ್ಮಾಧ್ಯಕ್ಷರು ಈ ಕೈಗವಸನ್ನು ಪೂಜೆಯುದ್ದಕ್ಕೂ ತೊಟ್ಟಿರುತ್ತಿರಲಿಲ್ಲ. ಕಾಣಿಕೆ ಅರ್ಪಣೆಯ ಹೊತ್ತಿಗೆ, ಕೈ ತೊಳೆಯುವ ಮುಂಚೆ, ಅದನ್ನು ಕಳಚಲೇಬೇಕಿತ್ತು. ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಬರಿಗೈಯಿಂದಲೇ ಮುಟ್ಟಬೇಕು. ಉಂಗುರವನ್ನು ಮಾತ್ರ ಕೈಗವಸಿನ ಮೇಲೆಯೇ ತೊಡುತ್ತಿದ್ದ ಕಾರಣ ಹಳೆಯ ಧರ್ಮಾಧ್ಯಕ್ಷರ ಉಂಗುರಗಳು ಅಷ್ಟು ದೊಡ್ಡದಾಗಿ ಕಾಣುತ್ತವೆ. 1968ರ ಜೂನ್ 21ರಂದು ಆರನೆಯ ಪೌಲ್ ಜಗದ್ಗುರುಗಳ ಕಾಲದಲ್ಲಿ ಹೊರಟ ಸೂಚನೆಯೊಂದು ಧರ್ಮಾಧ್ಯಕ್ಷರ ವಿಧಿಗಳನ್ನು ಸರಳಗೊಳಿಸಿತು. ಆ ಬಳಿಕ ಕೈಗವಸು ಮೂಲೆ ಸೇರಿತು. ಈಗ ಹಳೆಯ ಲತೀನ್ ವಿಧಿಯಲ್ಲಿ ಪೂಜೆ ನಡೆಯುವ ಕಡೆ ಮಾತ್ರ ಅದನ್ನು ಕಾಣಬಹುದು.

ಹಾಗೆಂದು ಬರಿಗೈಗೆ ಎಲ್ಲ ಕಾಲದಲ್ಲೂ ಮರ್ಯಾದೆ ಇತ್ತೆಂದು ಹೇಳಲಾಗದು. 6ನೇ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸಿನ ಒಸೇರ್ ಎಂಬಲ್ಲಿ ಸೇರಿದ ಸಭೆಯೊಂದು, ಸ್ತ್ರೀಯರು ಪರಮಪ್ರಸಾದವನ್ನು ಬರಿಗೈಯಲ್ಲಿ ಸ್ವೀಕರಿಸಬಾರದೆಂದು ವಿಧಿಸಿತ್ತು. ಪುರುಷರಿಗೆ ಆ ಕಟ್ಟಳೆ ಇರಲಿಲ್ಲ! ಕೈ ಮುಚ್ಚುವುದು ಗೌರವವೋ ಕೈ ತೆರೆಯುವುದು ಗೌರವವೋ ಎಂಬುದು ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ.

ಉಡುಗೊರೆಯಾಗಿ ಸಾವಿರಾರು ಜೊತೆ

ಇಂಗ್ಲೆಂಡಿನಲ್ಲಿ ಹಿಂದೆ ಮದುವೆಗೆ ಬಂದವರಿಗೆ ಕೈಗವಸು ಹಂಚುವ ಕ್ರಮವಿತ್ತು. ನಾವೀಗ ಸಣ್ಣ ಡಬ್ಬಿಯಲ್ಲಿ ಸಿಹಿ ಕೊಟ್ಟು ಕಳುಹಿಸುವ ಹಾಗೆ. ಅಲ್ಲಿಂದ ಅಮೆರಿಕಕ್ಕೆ ವಲಸೆ ಹೋದವರಲ್ಲಿ ಅದು ಮರಣದ ಮನೆಯಲ್ಲೂ ಇತ್ತು. ಶವಸಂಸ್ಕಾರಕ್ಕೆ ಕರೆಯುವುದಕ್ಕೇ ಒಂದು ಜೊತೆ ಕೈಗವಸು ಕಳುಹಿಸಬೇಕಾಯಿತು. ಬಾಸ್ಟನ್ ನಗರದ ಆಂಡ್ರೂ ಎಲಿಯಟ್ ಎಂಬ ಪ್ರೊಟೆಸ್ಟಂಟ್ ಪಾಲಕರು 18ನೇ ಶತಮಾನದಲ್ಲಿ ತಮಗೆ ಮದುವೆ, ದೀಕ್ಷಾಸ್ನಾನ, ಶವಸಂಸ್ಕಾರಗಳಲ್ಲಿ ಬಂದ ಕೈಗವಸುಗಳ ಲೆಕ್ಕ ಬರೆದಿಟ್ಟರು. 32 ವರ್ಷಗಳಲ್ಲಿ 2,900ಕ್ಕೂ ಹೆಚ್ಚು ಜೊತೆ! ಅಷ್ಟನ್ನು ತೊಡುವುದು ಯಾರಿಂದ ಸಾಧ್ಯ? ಬಹಳಷ್ಟನ್ನು ಅವರು ಮಾರಿದರು. ಮರಣದ ಮನೆಗಳು ಈ ಖರ್ಚಿನಿಂದ ಸಾಲಕ್ಕೆ ಬೀಳತೊಡಗಿದಾಗ ಮ್ಯಾಸಚೂಸೆಟ್ಸ್ ಸರಕಾರ ಕಾನೂನು ತಂದು ಕಡಿವಾಣ ಹಾಕಬೇಕಾಯಿತು. ಮದುವೆಯ ಖರ್ಚಿನ ಬಗ್ಗೆ ನಮ್ಮಲ್ಲಿ ವರ್ಷವರ್ಷವೂ ನಡೆಯುವ ಚರ್ಚೆ ಹೊಸತೇನಲ್ಲ.

ಒಂದು ಜೊತೆ ಹುಟ್ಟುವ ಬಗೆ

ಒಳ್ಳೆಯ ಚರ್ಮದ ಕೈಗವಸು ಎರಡನೆಯ ಚರ್ಮದ ಹಾಗೆ ಕೈಗೆ ಅಂಟಿಕೊಂಡಿರಬೇಕು, ಆದರೆ ಬೆರಳು ಮಡಚುವಾಗ ಬಿಗಿಯಬಾರದು. ಇದು ಸುಲಭದ ಕೆಲಸವಲ್ಲ. ಆಡಿನ ಅಥವಾ ಕುರಿಯ ಎಳೆಯ ಮರಿಯ ತೊಗಲನ್ನು ಹದಮಾಡಿ, ಒದ್ದೆ ಮಾಡಿ ಎಳೆದು, ಎಷ್ಟು ಹಿಗ್ಗುತ್ತದೆ ಎಂದು ಕೈಯಿಂದಲೇ ಅಂದಾಜು ಮಾಡಿ, ಆಯತಾಕಾರದ ತುಂಡು ತೆಗೆಯುತ್ತಾರೆ. ತೊಗಲು ಅಗಲಕ್ಕೆ ಹಿಗ್ಗಬೇಕು, ಉದ್ದಕ್ಕೆ ಹಿಗ್ಗಬಾರದು. ಆ ತುಂಡನ್ನು ಮಡಚಿ ನಾಲ್ಕು ಬೆರಳುಗಳ ಆಕಾರಕ್ಕೆ ಸೀಳುತ್ತಾರೆ. ಹೆಬ್ಬೆರಳು ಬೇರೆಯೇ ತುಂಡು. ಬೆರಳುಗಳ ನಡುವೆ ಕವಲಿನಂಥ ಸಣ್ಣ ಪಟ್ಟಿಗಳನ್ನು ಕೂರಿಸುತ್ತಾರೆ. ಬೆರಳ ಬುಡಕ್ಕೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ವಜ್ರಾಕೃತಿಯ ಚೂರು. ಹಿಂಗೈ ಮೇಲೆ ಕಾಣುವ ಮೂರು ಗೆರೆಗಳ ಹೊಲಿಗೆಯನ್ನು ನೀವು ಗಮನಿಸಿರಬಹುದು. ಅಗ್ಗದ ಗ್ಲೌಸಿನಲ್ಲೂ ಆ ಮೂರು ಗೆರೆಗಳು ಇವತ್ತಿಗೂ ಇರುತ್ತವೆ.

ಐರ್ಲೆಂಡಿನ ಲಿಮರಿಕ್ ಎಂಬಲ್ಲಿನ ಕೈಗವಸುಗಳಂತೂ ಎಷ್ಟು ತೆಳುವಾಗಿದ್ದವೆಂದರೆ ಒಂದು ಜೊತೆಯನ್ನು ಮಡಚಿ ಅಕ್ರೋಟಿನ ಚಿಪ್ಪಿನೊಳಗಿಟ್ಟು ಮಾರುತ್ತಿದ್ದರು. ಕೇಳಲು ಚಂದ. ಆದರೆ ಅಂಥ ತೆಳು ತೊಗಲು ಬರುತ್ತಿದ್ದದ್ದು ಹುಟ್ಟುವ ಮುಂಚೆಯೇ ಸತ್ತ ಕರುಗಳಿಂದ.

ಈ ಕಸುಬಿನ ರಾಜಧಾನಿಯಾಗಿದ್ದದ್ದು ಫ್ರಾನ್ಸಿನ ಗ್ರೆನೋಬ್ಲ್ ಪಟ್ಟಣ. ಅಲ್ಲಿನ ಗ್ಸಾವ್ಯೇ ಜೂವಾಂ ಎಂಬವರು ಆಸ್ಪತ್ರೆಗೆ ಬರುವವರ ಕೈಗಳನ್ನು ಅಳೆದು, ಮನುಷ್ಯರ ಕೈಗಳನ್ನು ಇಷ್ಟೇ ಬಗೆಯ ಅಳತೆಗಳಲ್ಲಿ ವಿಂಗಡಿಸಬಹುದೆಂದು 1834ರಲ್ಲಿ ತೋರಿಸಿದರು. 1838ರಲ್ಲಿ ಕೈಯಾಕಾರದ ಕಬ್ಬಿಣದ ಅಚ್ಚಿಗೆ ಹಕ್ಕುಪತ್ರ ಪಡೆದರು. ಅದರಿಂದ ಒಂದೇ ಏಟಿಗೆ ಹಲವು ತುಂಡುಗಳನ್ನು ಕತ್ತರಿಸಬಹುದಿತ್ತು. ಇವತ್ತು ನಾವು ಅಂಗಡಿಯಲ್ಲಿ 'ಆರೂವರೆ, ಏಳು' ಎಂದು ಸೈಜ್ ಕೇಳುವುದರ ಬೇರು ಇಲ್ಲಿದೆ. ದಕ್ಷಿಣ ಫ್ರಾನ್ಸಿನ ಮಿಯೋ ಪಟ್ಟಣದ ಕಥೆ ಇನ್ನೊಂದು ರೀತಿ. ಅದರ ಆಸುಪಾಸಿನಲ್ಲಿ ಹೆಸರಾಂತ ರೋಕ್‌ಫೋರ್ ಚೀಸಿಗಾಗಿ ಕುರಿಗಳ ಹಾಲು ಕರೆಯುತ್ತಾರೆ. ಹಾಲು ಬೇಕೆಂದರೆ ಮರಿಗಳನ್ನು ಬೇಗ ತಾಯಿಯಿಂದ ಬಿಡಿಸಬೇಕು. ಆ ಮರಿಗಳ ತೊಗಲು ಕೈಗವಸಿನವರ ಪಾಲಿಗೆ ಬಂತು.

ಕತ್ತರಿಸುವುದು ಗಂಡಸರ ಕೆಲಸ, ಸಂಬಳ ಹೆಚ್ಚು. ಹೊಲಿಯುವುದು ಹೆಂಗಸರ ಕೆಲಸ. ಸುತ್ತಲಿನ ಹಳ್ಳಿಗಳ ಮನೆಗಳಿಗೆ ತುಂಡುಗಳು ಹೋಗಿ, ಹೊಲಿದು ವಾಪಸು ಬರುತ್ತಿದ್ದವು. ಕೂಲಿ ಲೆಕ್ಕ ಜೊತೆಗೆ ಇಷ್ಟು ಎಂದು. ಬೀಡಿ ಕಟ್ಟಿ ಸಂಸಾರ ಸಾಗಿಸಿದ ನಮ್ಮ ಕರಾವಳಿಯ ತಾಯಂದಿರಿಗೆ ಈ ಲೆಕ್ಕ ಹೊಸದಾಗಿ ವಿವರಿಸಬೇಕಾಗಿಲ್ಲ. ಗ್ಲೌಸ್ ತೊಟ್ಟ ಕೈ 'ನಾನು ದುಡಿಯುವ ಕೈಯಲ್ಲ' ಎಂದು ಜಗತ್ತಿಗೆ ಸಾರುತ್ತಿತ್ತು. ಅದನ್ನು ಹೊಲಿದದ್ದು ರಾತ್ರಿ ದೀಪದ ಬೆಳಕಿನಲ್ಲಿ ದುಡಿದ ಕೈ.

ಕಸುಬು ಏರಿದ ಹಾಗೆ ಬಿದ್ದದ್ದೂ ಇದೆ. ಇಂಗ್ಲೆಂಡಿನ ವೂಸ್ಟರ್ ಊರಿನಲ್ಲಿ ಸಾವಿರಾರು ಮಂದಿ ಕೈಗವಸನ್ನೇ ನಂಬಿದ್ದರು. ಫ್ರಾನ್ಸಿನ ಕೈಗವಸುಗಳ ಆಮದಿಗಿದ್ದ ನಿಷೇಧವನ್ನು ಬ್ರಿಟನ್ 1826ರಲ್ಲಿ ತೆಗೆದಾಗ ಅಲ್ಲಿನ ಮನೆಗಳಲ್ಲಿ ಒಲೆ ಆರಿತು. ಅಮೆರಿಕದಲ್ಲಿ ಗ್ಲವರ್ಸ್‌ವಿಲ್, ಅಂದರೆ ಕೈಗವಸಿನವರ ಊರು ಎಂದೇ ಹೆಸರಾದ ಪಟ್ಟಣವೂ 20ನೇ ಶತಮಾನದ ನಡುವಿನ ಬಳಿಕ ಹಾಗೆಯೇ ಸೊರಗಿತು. ಈಗ ನಮ್ಮ ಕೋಲ್ಕತ್ತಾದಿಂದ ಚರ್ಮದ ಗ್ಲೌಸ್ ಬಹಳಷ್ಟು ರಫ್ತಾಗುತ್ತದೆ. ಆದರೆ ಅದು ಹೆಚ್ಚಾಗಿ ವೆಲ್ಡಿಂಗ್ ಮಾಡುವವರ, ಕಾರ್ಖಾನೆಯವರ ಕೈಗೆ ಹೋಗುವಂಥದ್ದು.

ಉದ್ದ, ಬಟನ್ ಮತ್ತು ಊಟದ ಮೇಜು

19ನೇ ಶತಮಾನದಲ್ಲಿ ಯುರೋಪಿನ ಸಭ್ಯ ಮಹಿಳೆ ಗ್ಲೌಸ್ ಇಲ್ಲದೆ ಬೀದಿಗೆ ಇಳಿಯುತ್ತಿರಲಿಲ್ಲ. ಸಂಜೆಯ ಔತಣಕ್ಕೆ, ನೃತ್ಯಕ್ಕೆ, ನಾಟಕಕ್ಕೆ ಬಿಳಿಯದು. ತೋಳು ಎಷ್ಟು ಗಿಡ್ಡವೋ ಗ್ಲೌಸ್ ಅಷ್ಟು ಉದ್ದ ಎಂಬುದು ಸೂತ್ರ. ಉದ್ದವನ್ನು 'ಬಟನ್' ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಬಟನ್ ಎಂದರೆ ಹೆಬ್ಬೆರಳಿನ ಬುಡದಿಂದ ಮೇಲಕ್ಕೆ ಸುಮಾರು ಒಂದು ಇಂಚು. ಎರಡು ಬಟನ್ ಎಂದರೆ ಮಣಿಕಟ್ಟಿನವರೆಗೆ, 16 ಬಟನ್ ಎಂದರೆ ಮೊಣಕೈ ದಾಟಿ ಮೇಲಕ್ಕೆ. 16 ಬಟನಿನ ಗ್ಲೌಸಿನಲ್ಲಿ ಹುಡುಕಿದರೂ 16 ಗುಂಡಿಗಳು ಸಿಗಲಿಕ್ಕಿಲ್ಲ, ಅದು ಬರೀ ಅಳತೆಯ ಹೆಸರು. ಫ್ರಾನ್ಸಿನ ಖ್ಯಾತ ನಟಿ ಸಾರಾ ಬರ್ನಾರ್ ಈ ಉದ್ದದ ಗ್ಲೌಸನ್ನು ಜನಪ್ರಿಯಗೊಳಿಸಿದವರಲ್ಲಿ ಪ್ರಮುಖರು.

ಗಂಡಸರೂ ನೃತ್ಯಕ್ಕೆ ಬಿಳಿ ಗ್ಲೌಸ್ ತೊಡಬೇಕಿತ್ತು. ಬೆವರಿದ ಅಂಗೈಯ ಗುರುತು ಜೊತೆಗಾತಿಯ ರೇಷ್ಮೆ ಉಡುಪಿನ ಮೇಲೆ ಬೀಳಬಾರದಲ್ಲ! ಆದರೆ ಕೈಕುಲುಕುವಾಗ ಗಂಡಸು ಗ್ಲೌಸ್ ತೆಗೆಯಬೇಕು. ಮಹಿಳೆ ತೊಟ್ಟಿದ್ದರೂ ತಪ್ಪಲ್ಲ.

ಊಟದ ಮೇಜಿನಲ್ಲಿ ಮಾತ್ರ ಯಾರಿಗೂ ರಿಯಾಯಿತಿ ಇಲ್ಲ. ಗ್ಲೌಸ್ ತೊಟ್ಟು ತಿನ್ನುವುದನ್ನು ಒರಟುತನವೆಂದೇ ಎಣಿಸುತ್ತಿದ್ದರು. ಉದ್ದದ ಗ್ಲೌಸನ್ನು ಪ್ರತಿ ಸಲ ಬಿಚ್ಚುವುದು ಕಷ್ಟವಾದ್ದರಿಂದ ಮಣಿಕಟ್ಟಿನ ಒಳಭಾಗದಲ್ಲಿ ಸಣ್ಣ ಸೀಳು ಬಿಟ್ಟು, ಮುತ್ತಿನಂಥ ಗುಂಡಿಗಳನ್ನು ಇಟ್ಟರು. ಗುಂಡಿ ಬಿಚ್ಚಿದರೆ ಅಂಗೈ ಹೊರಗೆ, ಬೆರಳಿನ ಭಾಗವನ್ನು ಮಡಚಿ ಮಣಿಕಟ್ಟಿನೊಳಗೆ ತುರುಕಬಹುದು. ಹೀಗೆ ತುರುಕುವುದೂ ಸರಿಯಲ್ಲ, ಊಟಕ್ಕೆ ಪೂರ್ತಿಯಾಗಿ ಕಳಚಿ ಮಡಿಲಲ್ಲಿ ಇಟ್ಟುಕೊಳ್ಳಬೇಕು ಎಂದು ವಾದಿಸಿದವರೂ ಇದ್ದರು. ಬಳೆ, ಬ್ರೇಸ್‌ಲೆಟ್ ಗ್ಲೌಸಿನ ಮೇಲೆ ಇರಬಹುದು, ಉಂಗುರ ಇರಬಾರದು.

ಬಿಳಿ ಗ್ಲೌಸ್ ಒಂದು ಸಂಜೆಗೇ ಮಾಸುತ್ತದೆ. ಅದನ್ನು ಬೆಂಜಿನ್‌ನಂಥ ದ್ರಾವಣದಲ್ಲಿ ಉಜ್ಜಿ ತೊಳೆಯುವ ರೂಢಿಯಿತ್ತು, ದೀಪದ ಬಳಿ ತೊಳೆದು ಬೆಂಕಿ ಹತ್ತಿದ ಪ್ರಕರಣಗಳೂ ಇದ್ದವು.

ರಾಣಿಯ ಗ್ಲೌಸ್, ರಾಜಕುಮಾರಿಯ ಬರಿಗೈ

1960ರ ದಶಕದವರೆಗೂ ಅಮೆರಿಕ, ಯುರೋಪಿನ ಮಹಿಳೆಯರು ಚರ್ಚಿಗೆ, ಚಹಾಕೂಟಕ್ಕೆ ಗ್ಲೌಸ್ ತೊಟ್ಟೇ ಹೋಗುತ್ತಿದ್ದರು. 1961ರಲ್ಲಿ ಅಧ್ಯಕ್ಷ ಕೆನಡಿಯವರ ಪತ್ನಿ ಜಾಕ್ವೆಲಿನ್ ತೊಟ್ಟ ಉದ್ದದ ಬಿಳಿ ಗ್ಲೌಸ್, ಅದೇ ವರ್ಷ ಚಲನಚಿತ್ರವೊಂದರಲ್ಲಿ ಆಡ್ರಿ ಹೆಪ್‌ಬರ್ನ್ ತೊಟ್ಟ ಉದ್ದದ ಕಪ್ಪು ಗ್ಲೌಸ್ ಈಗಲೂ ಫ್ಯಾಷನ್ ಪತ್ರಿಕೆಗಳಲ್ಲಿ ಕಾಣಸಿಗುತ್ತವೆ. ಅದಾದ ಹತ್ತು ವರ್ಷಗಳಲ್ಲಿ ಯುವತಿಯರು ಟೋಪಿಯನ್ನೂ ಗ್ಲೌಸನ್ನೂ ಒಟ್ಟಿಗೆ ಬಿಟ್ಟುಬಿಟ್ಟರು.

ಬಿಡದವರು ಇಂಗ್ಲೆಂಡಿನ ರಾಣಿ ಎರಡನೆಯ ಎಲಿಜಬೆತ್. ಅವರ ಗ್ಲೌಸ್ ಮಾಡುತ್ತಿದ್ದ ಕೊರ್ನೇಲಿಯಾ ಜೇಮ್ಸ್ ಹುಟ್ಟು ಇಂಗ್ಲಿಷರಲ್ಲ. ನಾತ್ಸಿಗಳ ಕಾಟದಿಂದ 1939ರಲ್ಲಿ ವಿಯೆನ್ನಾ ಬಿಟ್ಟು ಬಂದ ಯೆಹೂದಿ ನಿರಾಶ್ರಿತೆ. ಜೊತೆಗೆ ತಂದದ್ದು ಬಣ್ಣಬಣ್ಣದ ಚರ್ಮ ತುಂಬಿದ ಒಂದು ಪೆಟ್ಟಿಗೆ. 1947ರಲ್ಲಿ ಎಲಿಜಬೆತ್ ಮದುವೆ ಮುಗಿಸಿ ಹೊರಡುವಾಗಿನ ಉಡುಪಿಗೆ ಗ್ಲೌಸ್ ಹೊಲಿದುಕೊಟ್ಟರು. 1979ರಲ್ಲಿ ಅವರಿಗೆ ರಾಜಮನೆತನದ ಮನ್ನಣೆಯ ಪತ್ರ ಸಿಕ್ಕಿತು. 2022ರಲ್ಲಿ ತೀರಿಕೊಳ್ಳುವವರೆಗೂ ರಾಣಿ ಸಾರ್ವಜನಿಕ ಕಾರ್ಯಕ್ರಮಗಳಿಗೆ ಗ್ಲೌಸ್ ತೊಟ್ಟರು. ದಿನಕ್ಕೆ ನೂರಾರು ಅಪರಿಚಿತರ ಕೈ ಕುಲುಕುವವರಿಗೆ ಅದೊಂದು ರಕ್ಷಣೆಯೂ ಹೌದು.

ಅದೇ ಮನೆಯ ಸೊಸೆ ಡಯಾನಾ 1987ರ ಏಪ್ರಿಲ್‌ನಲ್ಲಿ ಲಂಡನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಏಡ್ಸ್ ರೋಗಿಗಳಿಗಾಗಿ ತೆರೆದ ವಾರ್ಡನ್ನು ಉದ್ಘಾಟಿಸಿದರು. ಆಗ ಏಡ್ಸ್ ಎಂದರೆ ಮುಟ್ಟಿದರೂ ಬರುತ್ತದೆಂಬ ಭಯ. ರೋಗಿಗಳನ್ನು ಮನೆಯವರೇ ದೂರ ಇಡುತ್ತಿದ್ದ ಕಾಲ. ಡಯಾನಾ ಗ್ಲೌಸ್ ತೊಡದೆ ರೋಗಿಯೊಬ್ಬರ ಕೈ ಹಿಡಿದು ಕುಲುಕಿದರು. ಆ ಫೋಟೋ ಲೋಕವೆಲ್ಲ ಸುತ್ತಿತು. ಅರಮನೆಯವರ ಕೈಯಲ್ಲಿ ಗ್ಲೌಸ್ ಕಂಡು ರೂಢಿಯಾದ ಜನರಿಗೆ ಆ ಬರಿಗೈ ಏನು ಹೇಳುತ್ತಿದೆ ಎಂದು ತಕ್ಷಣ ತಿಳಿಯಿತು.

ನಮ್ಮ ಮದುವೆಗಳಲ್ಲಿ

ಕ್ರೈಸ್ತ ವಿವಾಹದ ವಿಧಿಯಲ್ಲಿ ಗ್ಲೌಸಿನ ಪ್ರಸ್ತಾಪವೇ ಇಲ್ಲ. ತೊಟ್ಟರೆ ಚಂದ, ತೊಡದಿದ್ದರೆ ಏನೂ ಕೊರತೆಯಿಲ್ಲ. ಬಿಳಿ ಸೀರೆ ಉಡುವ ಮದುಮಗಳಿಗೆ ಅದು ಬೇಡವೇ ಬೇಡ ಎಂದು ನನ್ನ ಅಭಿಪ್ರಾಯ. ಸೀರೆಗೆ ಬಳೆಯೇ ಶೋಭೆ. ಗಾಜಿನ ಬಳೆ ತೊಡಿಸುವ ಕ್ರಮ ಇರುವ ಮನೆಗಳಲ್ಲಿ ಗೌನಿಗೂ ಉದ್ದದ ಗ್ಲೌಸ್ ಸರಿಹೋಗದು. ಬಳೆಯ ಮೇಲೆ ಎಳೆದರೆ ಉಬ್ಬಿ ಕಾಣುತ್ತದೆ, ನೆಟ್ ಹರಿಯುತ್ತದೆ.

ತೊಡುವುದೇ ಎಂದಾದರೆ ಉಂಗುರದ ಗಳಿಗೆಯನ್ನು ಮೊದಲೇ ಯೋಚಿಸಿ. ಗಿಡ್ಡ ಗ್ಲೌಸ್ ಆದರೆ ವಚನ ಕೊಡುವುದಕ್ಕೆ ಎದ್ದು ನಿಲ್ಲುವ ಮುಂಚೆಯೇ ಕಳಚಿ ಹೂಗುಚ್ಛದೊಂದಿಗೆ ಬ್ರೈಡ್ಸ್‌ಮೇಡ್ ಕೈಗೆ ಕೊಟ್ಟುಬಿಡುವುದು ಎಲ್ಲಕ್ಕಿಂತ ಒಳ್ಳೆಯದು. ವಚನ ಕೊಡುವಾಗ ವಧೂವರರು ಬಲಗೈ ಹಿಡಿದುಕೊಳ್ಳುತ್ತಾರಲ್ಲ, ಆಗಲೂ ಬಟ್ಟೆಗಿಂತ ಬರಿಗೈ ಮೇಲು. ಮೊಣಕೈ ದಾಟುವ ಗ್ಲೌಸ್ ಆದರೆ ಯುರೋಪಿನ ದರ್ಜಿಗಳ ಹಳೆಯ ಉಪಾಯವೊಂದಿದೆ. ಉಂಗುರದ ಬೆರಳಿನ ಬುಡದ ಹೊಲಿಗೆಯನ್ನು ಒಂದು ಬದಿ ಬಿಚ್ಚಿಟ್ಟರೆ ಆ ಬೆರಳು ಮಾತ್ರ ಹೊರಗೆ ಬರುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವ, ನಡುಬೆರಳಿಗೆ ಒಂದು ಕುಣಿಕೆ ಹಾಕಿ ನಿಲ್ಲಿಸುವ ಬೆರಳಿಲ್ಲದ ಗ್ಲೌಸಿಗೆ ಈ ತಾಪತ್ರಯವೇ ಇಲ್ಲ. ಪೂಜೆಯ ಬಳಿಕ ರಿಜಿಸ್ಟರಿಗೆ ಸಹಿ ಹಾಕುವುದಕ್ಕೂ ಅದೇ ಅನುಕೂಲ. ಸ್ಯಾಟಿನ್ ಗ್ಲೌಸಿನಲ್ಲಿ ಪೆನ್ನು ಜಾರುತ್ತದೆ.

ಪರಮಪ್ರಸಾದವನ್ನು ಕೈಯಲ್ಲಿ ಸ್ವೀಕರಿಸುವವರು ಗ್ಲೌಸ್ ಕಳಚಿರಬೇಕು ಎಂದು ಬೇರೆ ಹೇಳಬೇಕಾಗಿಲ್ಲ. ಸಣ್ಣ ಚೂರು ಬಟ್ಟೆಗೆ ಅಂಟಿಕೊಂಡೀತು. ಹಾಲ್‌ನಲ್ಲಿ ಕೇಕ್ ಕತ್ತರಿಸುವಾಗ, ಟೋಸ್ಟ್ ಎತ್ತುವಾಗಲೂ ಅಷ್ಟೆ. ಸ್ಟೇಜಿಗೆ ಬಂದು ಶುಭ ಕೋರುವ ಐನೂರು, ಸಾವಿರ ಮಂದಿಯ ಕೈ ಕುಲುಕುವಾಗ ಮದುಮಗಳು ಗ್ಲೌಸ್ ತೊಟ್ಟಿದ್ದರೆ ಹಳೆಯ ಕ್ರಮದಲ್ಲಿ ತಪ್ಪಲ್ಲ. ಆದರೂ ಮನೆಯ ಅಜ್ಜಿ ಕೈ ಹಿಡಿಯಲು ಬಂದರೆ ಕಳಚಿ ಹಿಡಿಯುವುದು ಲೇಸು.

ಇನ್ನೊಂದು ಮಾತನ್ನು ತಂದೆತಾಯಿಯರು ಗಮನಿಸಬೇಕು. ಪ್ರಥಮ ಪರಮಪ್ರಸಾದದ ದಿನ ಪುಟ್ಟ ಹುಡುಗಿಯರಿಗೆ ಬಿಳಿ ಫ್ರಾಕಿನ ಜೊತೆ ನೈಲಾನ್ ನೆಟ್ ಗ್ಲೌಸ್ ತೊಡಿಸಿ, ಕೈಗೆ ಉರಿಯುವ ಮೊಂಬತ್ತಿ ಕೊಡುತ್ತಾರೆ. ನೈಲಾನ್, ಪಾಲಿಯೆಸ್ಟರ್ ಬೆಂಕಿಗೆ ಕರಗಿ ಚರ್ಮಕ್ಕೆ ಅಂಟುತ್ತವೆ, ಹತ್ತಿಯಂತೆ ಕೊಡವಿ ತೆಗೆಯಲಾಗದು. ಮೊಂಬತ್ತಿ ಹಿಡಿಯುವಾಗ ಗ್ಲೌಸ್ ಬೇಡ. ತೊಡಿಸಲೇಬೇಕೆಂದಿದ್ದರೆ ಹತ್ತಿಯದು ತನ್ನಿ, ಮೊಂಬತ್ತಿ ನಂದಿಸಿದ ಮೇಲೆ ತೊಡಿಸಿ.

ನಮ್ಮ ಸೆಕೆಗೆ ಸ್ಯಾಟಿನ್ ಒಗ್ಗುವುದಿಲ್ಲ. ಮೇ ತಿಂಗಳಲ್ಲಿ ಅರ್ಧ ಗಂಟೆಯಲ್ಲಿ ಅಂಗೈ ಒದ್ದೆ. ಹತ್ತಿ ಲೇಸ್ ಅಥವಾ ಸಡಿಲ ನೆಟ್ ವಾಸಿ. ಸೈಜ್ ನೋಡಲು ಟೇಪನ್ನು ಹೆಬ್ಬೆರಳು ಬಿಟ್ಟು ಅಂಗೈಯ ಅಗಲವಾದ ಭಾಗಕ್ಕೆ ಸುತ್ತಿ, ಮುಷ್ಟಿ ಮಾಡಿ. ಏಳು ಇಂಚು ಬಂದರೆ ಸೈಜ್ ಏಳು. ಎರಡು ಕೈ ಬೇರೆ ಬೇರೆ ಇದ್ದರೆ ದೊಡ್ಡದನ್ನು ಹಿಡಿಯಿರಿ. ಮೆಹಂದಿ ಹಚ್ಚಿಸಿಕೊಂಡವರು ಅದು ಪೂರ್ತಿ ಒಣಗಿ ಉದುರಿ, ಎಣ್ಣೆ ಆರಿದ ಮೇಲೆಯೇ ಬಿಳಿ ಗ್ಲೌಸ್ ಮುಟ್ಟಬೇಕು. ತೊಡುವಾಗ ಒಳಗೆ ಸ್ವಲ್ಪ ಪೌಡರ್ ಉದುರಿಸಿ, ನಾಲ್ಕು ಬೆರಳು ಮೊದಲು, ಹೆಬ್ಬೆರಳು ಕೊನೆಗೆ. ಕಳಚುವಾಗ ಮೇಲಿನ ಅಂಚು ಹಿಡಿದು ಎಳೆದರೆ ಒಳಗಿನದು ಹೊರಗಾಗಿ ಸಿಕ್ಕಿಕೊಳ್ಳುತ್ತದೆ. ಒಂದೊಂದು ಬೆರಳಿನ ತುದಿಯನ್ನು ಸ್ವಲ್ಪ ಸ್ವಲ್ಪ ಸಡಿಲಿಸಿ, ಆಮೇಲೆ ಬೆರಳ ತುದಿಗಳಿಂದಲೇ ಎಳೆಯಿರಿ. ಹಿಂದಿನ ದಿನ ಮನೆಯಲ್ಲಿ ಎರಡು ಮೂರು ಸಲ ಮಾಡಿ ನೋಡಿದರೆ ಪೀಠದ ಮುಂದೆ ಪರದಾಟವಿಲ್ಲ.

ಮದುವೆ ಮುಗಿದ ಮೇಲೆ ಲೇಸಿನ ಗ್ಲೌಸನ್ನು ತಣ್ಣೀರಿನಲ್ಲಿ ಸೌಮ್ಯ ಸೋಪಿನಿಂದ ತೊಳೆದು, ಹಿಂಡದೆ ಟವೆಲಿನ ಮೇಲೆ ಹರಡಿ ನೆರಳಲ್ಲಿ ಒಣಗಿಸಿ. ವಿದೇಶದಿಂದ ಯಾರಾದರೂ ತಂದುಕೊಟ್ಟ ಚರ್ಮದ ಗ್ಲೌಸ್ ಇದ್ದರೆ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ನಮ್ಮ ಮಳೆಗಾಲದಲ್ಲಿ ಎರಡೇ ವಾರಕ್ಕೆ ಬೂಷ್ಟು ಹಿಡಿಯುತ್ತದೆ. ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ಶೂ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣವೊಂದನ್ನು ಜೊತೆಗಿಟ್ಟು, ಜುಲೈ, ಆಗಸ್ಟ್‌ನಲ್ಲಿ ಬಿಸಿಲು ಬಂದ ದಿನ ಒಮ್ಮೆ ಹೊರತೆಗೆದು ಗಾಳಿಗೆ ಹಿಡಿಯಿರಿ.